ಪೂರ್ತಿ ಇಂಗ್ಲಿಷಿನವನಾದ ಮೇಲೆ

— ಬಾಟಾ ಕಂಪನಿ ನಮ್ಮ ದೇಶದ್ದಲ್ಲ ಅನ್ನೋದು ನಿನಗೆ ಗೊತ್ತೇನೇ?

— ಹೋಗಿ ದೊಡ್ಡಪ್ಪ! ಜೂನ್ ಬಂತು ಅಂದ್ರೆ ಸ್ಕೂಲ್ ಶೂ ಅಲ್ಲೇ ತಾನೆ ತಗೊಳ್ತಿದ್ದಿದ್ದು. ಅದಿರಲಿ, ನಾಟಕಕಾರ ಟಾಮ್ ಸ್ಟಾಪರ್ಡ್ ಬಗ್ಗೆ ಮಾತಾಡೋಣ ಬಾ ಅಂತ ಕರೆದು ಚಪ್ಪಲಿ ಅಂಗಡಿಗೆ ಯಾಕೆ ನುಗ್ಗಿದ್ರಿ?

— ಕಥೆ ಶುರುವಾಗೋದೇ ಅಲ್ಲಿಂದ. ಆಗಿನ ಚೆಕೊಸ್ಲೊವಾಕಿಯಾದಲ್ಲಿ ಜ್ಲೀನ್ ಅಂತ ಒಂದು ಊರು. ಬಾಟಾದವರು ಬೆಳೆಸಿದ ಊರು. ಕಾರ್ಖಾನೆ ಅವರದು, ನೌಕರರ ಮನೆಗಳು ಅವರದು, ಆಸ್ಪತ್ರೆಯೂ ಅವರದೇ. ಆ ಆಸ್ಪತ್ರೆಯಲ್ಲಿ ಸ್ಟ್ರಾಯ್ಸ್‌ಲರ್ ಅಂತ ಒಬ್ಬ ಡಾಕ್ಟರು. 1937ರ ಜುಲೈ 3ರಂದು ಅವರಿಗೆ ಎರಡನೇ ಮಗ ಹುಟ್ಟಿದ, ತೊಮಾಶ್ ಅಂತ ಹೆಸರಿಟ್ಟರು. ಮಗುವಿಗೆ ಎರಡು ವರ್ಷ ತುಂಬೋ ಮೊದಲೇ, 1939ರ ಮಾರ್ಚಿನಲ್ಲಿ, ಹಿಟ್ಲರನ ಸೈನ್ಯ ಊರೊಳಗೆ ಬಂತು. ಡಾಕ್ಟರು ಯಹೂದಿ. ಕಂಪನಿ ತನ್ನ ಯಹೂದಿ ನೌಕರರನ್ನ ಹೊರದೇಶದ ಶಾಖೆಗಳಿಗೆ ವರ್ಗ ಮಾಡೋ ಉಪಾಯ ಹೂಡಿತು. ಇವರಿಗೆ ಸಿಂಗಪುರ ಬಿತ್ತು. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನು ನಾನು. ವರ್ಗದ ಆರ್ಡರು ಒಂದು ಇಡೀ ಸಂಸಾರದ ಜೀವ ಉಳಿಸಿದ್ದು ಇದೊಂದೇ ಕೇಸು ನನಗೆ ಗೊತ್ತಿರೋದು.

— ಇಡೀ ಸಂಸಾರದ್ದೇನೂ ಉಳೀಲಿಲ್ವಲ್ಲ. 1942ರ ಫೆಬ್ರವರಿಯಲ್ಲಿ ಜಪಾನಿನವರು ಸಿಂಗಪುರಕ್ಕೆ ಬಂದ್ರು. ಅಷ್ಟರಲ್ಲಿ ತಾಯಿ ಇಬ್ಬರು ಗಂಡುಮಕ್ಕಳನ್ನ ಕಟ್ಟಿಕೊಂಡು ಹಡಗು ಹತ್ತಿದ್ದಳು. ಆಸ್ಟ್ರೇಲಿಯಾಕ್ಕೆ ಹೋಗ್ತೀವಿ ಅಂದ್ಕೊಂಡು ಹೊರಟವರು ಇಳಿದದ್ದು ಬೊಂಬಾಯಿಯಲ್ಲಿ. ಡಾಕ್ಟರು ಹಿಂದೆ ಉಳಿದ್ರು, ಕೊನೆಗೆ ಅವರೂ ಹಡಗು ಹತ್ತಿದ್ರು, ಅದರ ಮೇಲೆ ಬಾಂಬ್ ಬಿತ್ತು. ಮಗನಿಗೆ ಅದು ತಿಳಿದದ್ದು ತುಂಬಾ ತಡವಾಗಿ. ಅಲ್ಲೀವರೆಗೂ ಅಪ್ಪ ಜಪಾನಿಯರ ಸೆರೆಯಲ್ಲಿ ಸತ್ತ ಅಂತಲೇ ನಂಬಿದ್ದ.

— ಸಾವಿನ ಸುದ್ದಿ ಆ ಮಕ್ಕಳಿಗೆ ಮುಟ್ಟಿದ್ದು ಹೇಗೆ ಗೊತ್ತಾ? ತಾಯಿಗೆ ತಾನೇ ಹೇಳೋ ಧೈರ್ಯ ಬರಲಿಲ್ಲ. ಪರಿಚಯದ ಹೆಂಗಸೊಬ್ಬಳು ಇಬ್ಬರನ್ನೂ ಸುಮ್ಮನೆ ಅಡ್ಡಾಡೋಕೆ ಅಂತ ಕರೆದುಕೊಂಡು ಹೋಗಿ ಹೇಳಿದಳು. ಅಂಥಾದ್ದೇನೂ ಅನ್ನಿಸಲಿಲ್ಲ ಅಂತ ಅವನೇ ಮುಂದೆ ಬರೆದಿದ್ದಾನೆ.

— ಅದು ಡಾರ್ಜಿಲಿಂಗ್‌ನಲ್ಲಿ ಇದ್ದಾಗ ಅಲ್ವಾ?

— ಹೂಂ. ಊರೂರು ಅಲೆದು ಕೊನೆಗೆ ನಿಂತದ್ದು ಅಲ್ಲಿ. ಅಲ್ಲೂ ಬಾಟಾನೇ! ಡಾರ್ಜಿಲಿಂಗಿನ ಬಾಟಾ ಅಂಗಡಿಯನ್ನ ತಾಯಿ ನೋಡ್ಕೊಳ್ತಿದ್ದಳು. ಮಕ್ಕಳು ಮೌಂಟ್ ಹರ್ಮನ್ ಅನ್ನೋ ಅಮೆರಿಕನ್ನರ ಶಾಲೆಗೆ ಸೇರಿದರು. ಎಲ್ಲಾ ಜಾತಿ, ಎಲ್ಲಾ ದೇಶದ ಮಕ್ಕಳೂ ಇದ್ದ ಶಾಲೆ. ಅಣ್ಣ ಪೆಟರ್ ಅಲ್ಲಿ ಪೀಟರ್ ಆದ, ತೊಮಾಶ್ ಟಾಮ್ ಆದ. ಇಂಗ್ಲಿಷ್ ಅವನ ಬಾಯಿಗೆ ಕೂತದ್ದು ನಮ್ಮ ದೇಶದಲ್ಲಿ.

— ಹಾಗಾದ್ರೆ ಸ್ವಲ್ಪ ನಮ್ಮವನೂ ಹೌದು ಅನ್ನಿ.

— ನಾಲ್ಕು ವರ್ಷ ಇದ್ದು ಹೋದವನನ್ನ ನಮ್ಮವನು ಅಂತ ಎಳ್ಕೋಬೇಡ. ನೊಬೆಲ್ ಬಂದವರಿಗೆಲ್ಲ ನಮ್ಮ ಕಡೆ ಒಬ್ಬ ಸೋದರಮಾವನನ್ನ ಹುಡುಕೋ ಚಟ ನಮಗೆ. ಅವನಿಗೆ ನೊಬೆಲ್ಲೂ ಬರಲಿಲ್ಲ ಅನ್ನು. ಅಲ್ಲಿ ಬ್ರಿಟಿಷ್ ಸೈನ್ಯದ ಮೇಜರ್ ಕೆನೆತ್ ಸ್ಟಾಪರ್ಡ್ ತಾಯಿಯನ್ನ ಕಂಡು ಮೆಚ್ಚಿ 1945ರಲ್ಲಿ ಮದುವೆಯಾದ. ಮರುವರ್ಷ ಎಲ್ಲರೂ ಇಂಗ್ಲೆಂಡಿಗೆ. ಎಂಟು ವರ್ಷದ ಹುಡುಗನಿಗೆ ಹೊಸ ದೇಶ, ಹೊಸ ಅಪ್ಪ, ಹೊಸ ಮನೆತನದ ಹೆಸರು, ಮೂರೂ ಒಂದೇ ಸಲ. ಇಂಗ್ಲಿಷಿನವನಾಗಿ ಹುಟ್ಟೋದು ಅಂದ್ರೆ ಬದುಕಿನ ಲಾಟರಿಯಲ್ಲಿ ಮೊದಲ ಬಹುಮಾನ ಹೊಡೆದ ಹಾಗೆ ಅಂತ ನಂಬಿದ್ದ ಮನುಷ್ಯ ಆ ಮೇಜರ್. ಹುಡುಗನೂ ಅದನ್ನ ಹಾಗೇ ನಂಬಿದ. ಬಲವಂತ ಏನೂ ಇರಲಿಲ್ಲ, ಖುಷಿಯಾಗೇ ನಂಬಿದ.

— ನನಗೆ ಕುತೂಹಲ ಹುಟ್ಟೋದು ಆ ಖುಷಿ ಬಗ್ಗೆಯೇ.

— ನನಗೆ ಅನುಮಾನ ಹುಟ್ಟೋದು ನಿನ್ನ ಕುತೂಹಲದ ಬಗ್ಗೆ! ನೀನು ಅವನನ್ನ ವಲಸಿಗ ನಾಟಕಕಾರ ಅಂತೀಯ. ವಲಸೆ ಬಂದ ಬರಹಗಾರರು ಸಾಮಾನ್ಯವಾಗಿ ಏನು ಬರೀತಾರೆ? ಬಿಟ್ಟು ಬಂದ ಊರು, ಅಲ್ಲಿನ ಊಟ, ಮರೆತುಹೋಗ್ತಿರೋ ಮಾತು. ಇವನ ಹತ್ತಿರ ಅದೇನೂ ಇಲ್ಲ. ಹದಿನೇಳಕ್ಕೆ ಶಾಲೆ ಬಿಟ್ಟ, ಯೂನಿವರ್ಸಿಟಿ ಮೆಟ್ಟಿಲು ಹತ್ತಲಿಲ್ಲ. 1954ರಲ್ಲಿ ಬ್ರಿಸ್ಟಲ್‌ನ ಪತ್ರಿಕೆ ಒಂದಕ್ಕೆ ವರದಿಗಾರನಾಗಿ ಸೇರಿದ. ಕಾರುಗಳ ಬಗ್ಗೆ ಬರೀತಿದ್ದನಂತೆ, ಡ್ರೈವಿಂಗ್ ಬರ್ತಿರಲಿಲ್ಲ! ಒಳಗಿನ ಸೀಟು ಹೇಗಿದೆ ಅಂತ ವಿಮರ್ಶೆ ಬರೀತಿದ್ದೆ ಅಂತ ತಾನೇ ತಮಾಷೆ ಮಾಡ್ಕೊಳ್ತಿದ್ದ. ಅದೇ ಊರಿನ ಓಲ್ಡ್ ವಿಕ್‌ನಲ್ಲಿ ಪೀಟರ್ ಓ'ಟೂಲ್ ಹ್ಯಾಮ್ಲೆಟ್ ಆಡ್ತಿದ್ದ ಕಾಲ. ನಾಟಕದ ಹುಚ್ಚು ಹತ್ತಿದ್ದು ಅಲ್ಲಿ. ಬ್ರಿಸ್ಟಲ್, ಹ್ಯಾಮ್ಲೆಟ್, ಪತ್ರಿಕೆ ಆಫೀಸು, ಇದರಲ್ಲಿ ಜ್ಲೀನ್ ಎಲ್ಲಿದೆ?

— ಹ್ಯಾಮ್ಲೆಟ್ ಒಳಗೇ ಇದೆ.

— ಅದು ಹೇಗೆ ಸ್ವಲ್ಪ ಹೇಳು, ಕೇಳೋಣ.

— 'ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್' ತಗೊಳ್ಳಿ. ಹ್ಯಾಮ್ಲೆಟ್‌ನಲ್ಲಿ ಎರಡು ಸಣ್ಣ ಪಾತ್ರಗಳು, ರಾಜಕುಮಾರನ ಹಳೇ ಗೆಳೆಯರು. ಅವರಿಬ್ಬರನ್ನೇ ನಡುವೆ ನಿಲ್ಲಿಸಿ ಉಳಿದ ಹ್ಯಾಮ್ಲೆಟನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟ. ನಾಣ್ಯ ಚಿಮ್ಮಿಸ್ತಾ ಕೂತಿದ್ದಾರೆ, ತೊಂಬತ್ತು ಸಲ ಚಿಮ್ಮಿದ್ರೂ ರಾಜನ ಮುಖವೇ ಬೀಳುತ್ತೆ. ಬೆಳಗಿನ ಜಾವ ಯಾರೋ ದೂತ ಬಂದು ಕಿಟಕಿ ಬಡಿದು ಕರೆದದ್ದು ನೆನಪಿದೆ, ಅದಕ್ಕೆ ಹಿಂದಿನದು ಒಂದೂ ನೆನಪಿಲ್ಲ. ತಾವು ಯಾರು ರೋಸೆನ್‌ಕ್ರಾಂಟ್ಸ್, ಯಾರು ಗಿಲ್ಡೆನ್‌ಸ್ಟರ್ನ್ ಅನ್ನೋದೂ ಒಮ್ಮೊಮ್ಮೆ ಗಲಿಬಿಲಿ. ಆಮೇಲೆ ಅವರನ್ನ ಹಡಗಿಗೆ ಹತ್ತಿಸ್ತಾರೆ. ಕೈಯಲ್ಲಿ ಒಂದು ಪತ್ರ. ಎಲ್ಲಿಗೆ, ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಎಬ್ಬಿಸಿ, ಹೆಸರು ಬದಲಾಯಿಸಿ, ಹಡಗಿನಿಂದ ಹಡಗಿಗೆ ದಾಟಿಸಿದ ಮಗು ಅಲ್ವಾ ಇದು?

— ಚೆನ್ನಾಗಿ ಹೊಂದಿಸ್ತೀಯ. ಆದ್ರೆ ಹಡಗು ಶೇಕ್ಸ್‌ಪಿಯರನದು. ಪತ್ರವೂ ಅವನದೇ. ಅವರಿಬ್ಬರನ್ನ ಇಂಗ್ಲೆಂಡಿಗೆ ಕಳಿಸಿ ಕೊಲ್ಲಿಸಿದ್ದೂ ಅವನೇ. ಸ್ಟಾಪರ್ಡ್ ಜ್ಲೀನ್‌ನಲ್ಲಿ ಹುಟ್ಟದೆ ಮೈಸೂರಿನ ಚಾಮುಂಡಿಪುರಂನಲ್ಲಿ ಹುಟ್ಟಿದ್ರೂ ಆ ಕಥೆಯಲ್ಲಿ ಹಡಗು ಇದ್ದೇ ಇರ್ತಿತ್ತು. ಇನ್ನು ಇಬ್ಬರು ಕಾಯ್ತಾ ಕೂತು ಮಾತಾಡೋದು ಬೆಕೆಟ್‌ನ ನಾಟಕದಿಂದ ಬಂತು, ಅದನ್ನ ಅವನೇ ಮುಚ್ಚಿಟ್ಟವನಲ್ಲ. ಆ ನಾಟಕದ ಗಮ್ಮತ್ತು ಬೇರೆ ಕಡೆ ಇದೆ. ನಾಟಕದೊಳಗೆ ಇದ್ದೂ ನಾಟಕ ಏನು ಅಂತ ತಿಳಿಯದವರ ಪಾಡು ಅದು. ಕುವೆಂಪು 'ರಕ್ತಾಕ್ಷಿ' ಬರೆದಾಗ ಹ್ಯಾಮ್ಲೆಟನ್ನ ಬಿದನೂರಿಗೆ ತಂದು ನಮ್ಮ ಇತಿಹಾಸದ ಬಟ್ಟೆ ತೊಡಿಸಿದ್ರು. ಇವನು ಬಟ್ಟೆ ಬದಲಾಯಿಸಲಿಲ್ಲ. ನೇಪಥ್ಯದ ಪರದೆ ಎತ್ತಿ, ಅಲ್ಲಿ ಸರದಿಗೆ ಕಾಯ್ತಾ ನಿಂತವರ ಮುಖ ತೋರಿಸಿದ.

— ಎಡಿನ್‌ಬರೋದಲ್ಲಿ ಮೊದಲ ಪ್ರಯೋಗ ನೋಡೋಕೆ ಜನವೇ ಇರಲಿಲ್ವಂತೆ?

— 1966ರ ಆಗಸ್ಟು. ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ತಂಡ, ಫ್ರಿಂಜ್ ಉತ್ಸವ. ಟೈಪ್ ಮಾಡಿದ ಪ್ರತಿಯಲ್ಲಿ ತಪ್ಪುಗಳು ಬೇರೆ. ಎರಡು ಸಲ ಬಿದ್ದಿದ್ದ ಸಾಲನ್ನೂ ಹುಡುಗರು ಭಕ್ತಿಯಿಂದ ಎರಡು ಸಲ ಬಾಯಿಪಾಠ ಮಾಡಿದ್ದರಂತೆ. ಹವ್ಯಾಸಿ ತಂಡ ಕಟ್ಟಿದವರಿಗೆ ಇದು ಹೊಸದಲ್ಲ ಬಿಡು. 'ಅಬ್ಸರ್ವರ್' ಪತ್ರಿಕೆಯ ರೊನಾಲ್ಡ್ ಬ್ರೈಡನ್ ಒಬ್ಬ ಎತ್ತಿ ಹಿಡಿದು ಬರೆದ. ಅದನ್ನ ಓದಿದ ನ್ಯಾಷನಲ್ ಥಿಯೇಟರಿನ ಕೆನೆತ್ ಟೈನನ್ ಸ್ಕ್ರಿಪ್ಟ್ ಕಳಿಸು ಅಂದ. 1967ರ ಏಪ್ರಿಲ್‌ನಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗದ ಮೇಲೆ ಬಂತು. ಅವನಿಗೆ ಇಪ್ಪತ್ತೊಂಬತ್ತು. ಮರುವರ್ಷ ನ್ಯೂಯಾರ್ಕಿನಲ್ಲಿ ಟೋನಿ ಪ್ರಶಸ್ತಿ. ಅಲ್ಲಿಂದ ಅರ್ಧ ಶತಮಾನ ತಿರುಗಿ ನೋಡಲಿಲ್ಲ. 'ಜಂಪರ್ಸ್'ನಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರುಗಳು ಲಾಗ ಹಾಕ್ತಾರೆ. 'ಟ್ರಾವೆಸ್ಟೀಸ್'ನಲ್ಲಿ ಲೆನಿನ್, ಜೇಮ್ಸ್ ಜಾಯ್ಸ್, ದಾದಾ ಪಂಥದ ತ್ಸಾರಾ, ಮೂವರೂ ಒಂದೇ ಕಾಲಕ್ಕೆ ಜೂರಿಕ್‌ನಲ್ಲಿದ್ದ ಆಕಸ್ಮಿಕವನ್ನ ಹಿಡಿದು ಒಬ್ಬ ಮುದುಕನ ತಪ್ಪು ನೆನಪಿನೊಳಗೆ ಕುಣಿಸಿದ.

— ಲೆನಿನ್ ದೇಶಭ್ರಷ್ಟ, ಜಾಯ್ಸ್ ಊರು ಬಿಟ್ಟವನು, ತ್ಸಾರಾ ರೊಮೇನಿಯಾದಿಂದ ಬಂದವನು.

— ನೋಡು ನೋಡು! ವಲಸೆ ಬಗ್ಗೆ ಬರೆದರೂ ವಲಸೆ, ಬರೆಯದಿದ್ದರೂ ವಲಸೆ. ಇಂಥ ವಾದಕ್ಕೆ ಸೋಲೇ ಇರೋದಿಲ್ಲ, ಅದಕ್ಕೇ ನನಗೆ ನಂಬಿಕೆ ಬರೋದಿಲ್ಲ. 'ಆರ್ಕೇಡಿಯಾ'ಗೆ ಏನು ಹೇಳ್ತೀಯ? ಡರ್ಬಿಶೈರ್‌ನ ಒಂದು ದೊಡ್ಡ ಮನೆ, 1809ರಲ್ಲಿ ಹದಿಮೂರರ ಒಂದು ಹುಡುಗಿ ಗಣಿತ ಕಲೀತಾ ಇದ್ದಾಳೆ. ಅದೇ ಕೋಣೆಯಲ್ಲಿ ನಮ್ಮ ಕಾಲದ ವಿದ್ವಾಂಸರು ಅವಳ ಕಾಲವನ್ನ ಕೆದಕಿ, ಕವಿ ಬೈರನ್ ಬಗ್ಗೆ ತಪ್ಪು ತಪ್ಪು ತೀರ್ಮಾನಕ್ಕೆ ಬರ್ತಾರೆ. ಬಿಸಿಯಾದದ್ದು ತಣ್ಣಗಾಗುತ್ತೆ, ತಣ್ಣಗಿದ್ದದ್ದು ತಾನಾಗೇ ಬಿಸಿಯಾಗಲ್ಲ ಅನ್ನೋ ಭೌತಶಾಸ್ತ್ರವನ್ನ ಕಣ್ಣಲ್ಲಿ ನೀರು ಬರೋ ಹಾಗೆ ರಂಗಕ್ಕೆ ತಂದದ್ದು ಅದೊಂದೇ ನಾಟಕ, ನಾನು ಓದಿದ್ದರಲ್ಲಿ. ಕೊನೆಗೆ ಎರಡು ಕಾಲದವರೂ ಒಂದೇ ರಂಗದ ಮೇಲೆ ನರ್ತಿಸ್ತಾರೆ. ಆ ಹುಡುಗಿ ಆ ರಾತ್ರಿಯೇ ಬೆಂಕಿಗೆ ಸಿಕ್ಕಿ ಸಾಯ್ತಾಳೆ ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅಷ್ಟು ಇಂಗ್ಲಿಷ್ ಆದ ನಾಟಕ ಇಂಗ್ಲಿಷಿನವರೇ ಬರೆದಿಲ್ಲ.

— ಅದೇ ನಾನು ಹೇಳ್ತಿರೋದು ದೊಡ್ಡಪ್ಪ! ಇಂಗ್ಲಿಷಿನವರು ಯಾಕೆ ಬರೀಲಿಲ್ಲ? ಅವರಿಗೆ ಅದು ಮನೆ ಹಿತ್ತಲು. ಇವನಿಗೆ ಬಹುಮಾನವಾಗಿ ಬಂದದ್ದು. ಕ್ರಿಕೆಟ್ ನೋಡಿ: ಅವನು ವಿಕೆಟ್ ಕೀಪರ್. 'ದ ರಿಯಲ್ ಥಿಂಗ್'ನಲ್ಲಿ ನಾಟಕಕಾರನ ಪಾತ್ರವೊಂದಿದೆ. ಒಳ್ಳೇ ಬರವಣಿಗೆ ಅಂದ್ರೇನು ಅಂತ ವಿವರಿಸೋಕೆ ಅವನು ಕೈಗೆತ್ತಿಕೊಳ್ಳೋದು ಕ್ರಿಕೆಟ್ ಬ್ಯಾಟನ್ನ. ನೋಡೋಕೆ ಬರೀ ಮರದ ತುಂಡು, ಆದ್ರೆ ಒಳಗಿನ ಜೋಡಣೆ ಸರಿಯಿದ್ರೆ ಚೆಂಡು ತಾನಾಗಿ ಹಾರುತ್ತೆ ಅನ್ನೋ ಅರ್ಥದಲ್ಲಿ. ಅಲ್ಲೇ ಹುಟ್ಟಿದವನು ಅಷ್ಟು ಶ್ರದ್ಧೆಯಿಂದ ಬ್ಯಾಟ್ ಹಿಡಿಯಲ್ಲ.

— ಹಿಡೀತಾನೆ. ನಾಟಕಕಾರ ಪಿಂಟರ್ ಹಿಡೀತಿದ್ದ.

— ಪಿಂಟರ್ ಅಪ್ಪ-ಅಮ್ಮನ ಕಡೆಯವರೂ ಪೂರ್ವ ಯುರೋಪಿನಿಂದಲೇ ಬಂದದ್ದು!

— ನಿನ್ನ ಹತ್ತಿರ ವಾದ ಮಾಡೋದು ಕಷ್ಟ ಕಣೇ.

— ಕೋಪದ ವಿಷಯ ತಗೊಳ್ಳಿ ಹಾಗಾದ್ರೆ. 1956ರಲ್ಲಿ ಆಸ್ಬರ್ನ್ 'ಲುಕ್ ಬ್ಯಾಕ್ ಇನ್ ಆಂಗರ್' ಬರೆದಮೇಲೆ ಬ್ರಿಟಿಷ್ ರಂಗಭೂಮಿ ತುಂಬ ಸಿಟ್ಟು. ದೇಶವನ್ನ ಬೈಯೋದೇ ನಾಟಕಕಾರನ ಕೆಲಸ ಅನ್ನೋ ಕಾಲ. ಇವನೊಬ್ಬ ಬೈಲಿಲ್ಲ. ಎಡಪಂಥದವರು ಅವನನ್ನ ಬರೀ ಚಮತ್ಕಾರದವನು, ಹೃದಯ ಇಲ್ಲದವನು ಅಂದ್ರು. ಥ್ಯಾಚರ್ ಬಗ್ಗೆ ಒಲವಿತ್ತು ಅಂತ ಮುನಿಸಿಕೊಂಡ್ರು. ಮನೆಮಗ ಅಡುಗೆ ಸರಿಯಿಲ್ಲ ಅಂತ ತಟ್ಟೆ ತಳ್ಳಬಹುದು, ನೆಂಟನಿಗೆ ಆಗಲ್ಲ. ನಾಟಕದಲ್ಲಿ ಇಲ್ಲದೇ ಇರೋದರಲ್ಲೂ ಮನುಷ್ಯ ಕಾಣಿಸ್ತಾನೆ ಅಲ್ವಾ?

— ಅದನ್ನ ಅರ್ಧ ಒಪ್ತೀನಿ. ಪತ್ರಿಕೆಗಳಿಗೆ ಸ್ವಾತಂತ್ರ್ಯ ಇರೋ, ಪೊಲೀಸು ಬಾಗಿಲು ಬಡಿಯದ ದೇಶದ ಬೆಲೆ ಅವನಿಗೆ ಗೊತ್ತಿತ್ತು. ಅದನ್ನ ಋಣ ಅಂತಾನಾದ್ರೂ ಅನ್ನು, ವಿವೇಕ ಅಂತಾನಾದ್ರೂ ಅನ್ನು. ಆದ್ರೆ ಹೃದಯ ಇಲ್ಲ ಅಂದವರಿಗೆ 1977ರಲ್ಲೇ ಉತ್ತರ ಸಿಕ್ಕಿತ್ತು. ಆ ವರ್ಷ ಮಾಸ್ಕೋಗೆ ಹೋದ. ಆಮೇಲೆ ಪ್ರಾಗ್‌ಗೆ ಹೋಗಿ ನಾಟಕಕಾರ ಹಾವೆಲ್‌ನನ್ನ ಕಂಡ. ಇಬ್ಬರಿಗೂ ವಯಸ್ಸಲ್ಲಿ ಒಂಬತ್ತು ತಿಂಗಳ ಅಂತರ. ಒಬ್ಬ ಲಂಡನ್ನಿನ ಯಶಸ್ವಿ ನಾಟಕಕಾರ. ಇನ್ನೊಬ್ಬನ ನಾಟಕಗಳಿಗೆ ಅವನ ದೇಶದಲ್ಲೇ ನಿಷೇಧ, ಆಗ ತಾನೇ ಜೈಲಿನಿಂದ ಹೊರಗೆ ಬಂದಿದ್ದ. ವಾಪಸು ಬಂದು ಬಿಬಿಸಿಗೆ 'ಪ್ರೊಫೆಷನಲ್ ಫೌಲ್' ಬರೆದು ಹಾವೆಲ್‌ಗೇ ಅರ್ಪಿಸಿದ. ಅದೇ ವರ್ಷ ಸಂಗೀತಗಾರ ಆಂದ್ರೆ ಪ್ರೆವಿನ್ ಜೊತೆ ಸೇರಿ ಇನ್ನೊಂದು ನಾಟಕ. ಬುದ್ಧಿ ಸರಿಯಿರುವವರನ್ನ ಸೋವಿಯತ್ ಹುಚ್ಚಾಸ್ಪತ್ರೆಗೆ ಹಾಕ್ತಾರೆ ಅಂತ ಹೇಳಿದ್ದಕ್ಕೆ ಹುಚ್ಚಾಸ್ಪತ್ರೆಗೆ ಬಿದ್ದವನು ಒಬ್ಬ. ಅವನ ಜೊತೆ ಅದೇ ಕೋಣೆಯಲ್ಲಿ, ತನ್ನ ಹತ್ತಿರ ಆರ್ಕೆಸ್ಟ್ರಾ ಇದೆ ಅಂತ ನಂಬಿರೋ ನಿಜವಾದ ಹುಚ್ಚ. ಆ ಆರ್ಕೆಸ್ಟ್ರಾ ಪೂರ್ತಿ ರಂಗದ ಮೇಲೇ ಕೂತಿರಬೇಕು! ಯಾವ ತಂಡಕ್ಕೆ ಕೈಗೆಟುಕುತ್ತೆ ಹೇಳು.

— ಚೆಕ್ ಭಾಷೆ ಅವನಿಗೆ ಬರ್ತಿರಲಿಲ್ಲ ಅಲ್ವಾ?

— ಮಾತು ಕಲಿಯೋ ಹೊತ್ತಿಗೇ ಬಿಟ್ಟು ಬಂದ ಊರು. ಹಾವೆಲ್‌ನ 'ಲಾರ್ಗೊ ಡೆಸೊಲಾಟೊ' ಇಂಗ್ಲಿಷಿಗೆ ತಂದಾಗ ಬೇರೆಯವರು ಪದಶಃ ಮಾಡಿಕೊಟ್ಟ ಅನುವಾದ ಇಟ್ಕೊಂಡು ಕೆಲಸ ಮಾಡಿದ. 2006ರ 'ರಾಕ್ ಅಂಡ್ ರೋಲ್'ನಲ್ಲಿ ಯಾನ್ ಅಂತ ಒಬ್ಬ ಬರ್ತಾನೆ. ಇವನ ಹಾಗೇ ಮಗುವಾಗಿದ್ದಾಗ ದೇಶ ಬಿಟ್ಟು ಇಂಗ್ಲೆಂಡ್ ಕಂಡವನು, ಆದ್ರೆ ಯುದ್ಧ ಮುಗಿದ ಮೇಲೆ ವಾಪಸು ಹೋದವನು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಕೇಂಬ್ರಿಜ್ ಬಿಟ್ಟು ಅಲ್ಲಿಗೆ ಓಡ್ತಾನೆ. ತಾಯಿ ಆ ಮೇಜರನ್ನ ಮದುವೆಯಾಗದೆ ಊರಿಗೆ ಮರಳಿದ್ರೆ ನನ್ನ ಗತಿ ಏನಾಗ್ತಿತ್ತು ಅನ್ನೋ ಲೆಕ್ಕಾಚಾರ ಅದು. ಇಲ್ಲಿ ನಾನು ನಿನ್ನ ಜೊತೆ ಜಗಳ ಆಡಲ್ಲ.

— ಆದ್ರೂ ಅಲ್ಲಿ ಲೆಕ್ಕ ಮಾಡಿರೋದು ಕಮ್ಯುನಿಸ್ಟ್ ಆಡಳಿತದ ವಿಷಯ ಮಾತ್ರ. ಇನ್ನೊಂದು ಲೆಕ್ಕಕ್ಕೆ ಅವನು ಎಂಬತ್ತು ದಾಟಬೇಕಾಯಿತು. ಐವತ್ತು ಕಳೆದ ಮೇಲೆ ಚೆಕ್ ದೇಶದಿಂದ ಒಬ್ಬ ಸಂಬಂಧಿ ಬಂದಳು. ನ್ಯಾಷನಲ್ ಥಿಯೇಟರಿನಲ್ಲಿ ಊಟಕ್ಕೆ ಕೂತಾಗ ಕಾಗದದ ಮೇಲೆ ವಂಶವೃಕ್ಷ ಬರೆದು ತೋರಿಸಿದಳು. ನಾವು ಎಷ್ಟು ಪಾಲು ಯಹೂದಿಗಳು ಅಂತ ಕೇಳಿದ. ಪೂರ್ತಿ ಅಂದಳು. ಅಪ್ಪನ ಅಪ್ಪ-ಅಮ್ಮ, ಅಮ್ಮನ ಅಪ್ಪ-ಅಮ್ಮ, ನಾಲ್ವರನ್ನೂ ನಾಜಿಗಳು ಮುಗಿಸಿದ್ದರು. ತಾಯಿಯ ಅಕ್ಕತಂಗಿಯರಲ್ಲಿ ಮೂವರು ಹೋಗಿದ್ದರು. ತಾಯಿ ಅಷ್ಟೂ ವರ್ಷ ಇದನ್ನ ಬಾಯಿಬಿಟ್ಟಿರಲಿಲ್ಲ.

— ಅವಳನ್ನ ತಪ್ಪು ತಿಳೀಬೇಡ. ಮಕ್ಕಳು ಇಂಗ್ಲಿಷಿನವರಾಗಿ ನೆಮ್ಮದಿಯಾಗಿದ್ದಾರೆ, ಗಂಡನಿಗೆ ಆ ಸುದ್ದಿ ಬೇಡ. ನಮ್ಮಲ್ಲೂ ಪ್ಲೇಗಿನಲ್ಲಿ ಸತ್ತವರ ಹೆಸರು ಎತ್ತದೇ ಕಾಲ ಕಳೆದ ಅಜ್ಜಿಯಂದಿರು ಇದ್ದರು.

— ತಪ್ಪು ತಿಳೀತಿಲ್ಲ. ನನ್ನ ಸಿಟ್ಟು ಆ ಮೇಜರ್ ಮೇಲೆ. 1996ರಲ್ಲಿ ತಾಯಿ ತೀರಿಹೋದ್ರು. ಅದಾಗಿ ಸ್ವಲ್ಪ ದಿನಕ್ಕೇ ಮಲತಂದೆಯಿಂದ ಕಾಗದ: ಇನ್ನು ಮೇಲೆ ಸ್ಟಾಪರ್ಡ್ ಅನ್ನೋ ಹೆಸರನ್ನ ಬಳಸಬೇಡ. ಸೋವಿಯತ್ ಯಹೂದಿಗಳ ಪರ ಇವನು ನಿಂತದ್ದು ಅವರಿಗೆ ಹಿಡಿಸಿರಲಿಲ್ಲ. ಆ ಹೊತ್ತಿಗೆ ಆ ಹೆಸರಲ್ಲಿ ಮೂವತ್ತು ವರ್ಷದ ನಾಟಕಗಳಿದ್ದವು!

— ಅದು ಕಾರ್ಯಸಾಧ್ಯ ಅಲ್ಲ ಅಂತ ಉತ್ತರ ಬರೆದನಂತೆ. ಅಷ್ಟೇ. ಈ ಜಾಗದಲ್ಲಿ ನನಗೆ ಅವನು ಬಹಳ ಇಂಗ್ಲಿಷಿನವನಾಗಿ ಕಾಣ್ತಾನೆ.

— ಮಾರನೇ ವರ್ಷ ಅದೇ ಹೆಸರಿನ ಹಿಂದೆ 'ಸರ್' ಬಂತು. ಆಮೇಲೆ 1998ರಲ್ಲಿ ಅಣ್ಣನ ಜೊತೆ ಜ್ಲೀನ್‌ಗೆ ಹೋಗ್ತಾನೆ. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೈ ಮುಂದೆ ಚಾಚಿ ಸಣ್ಣದೊಂದು ಗಾಯದ ಗುರುತು ತೋರಿಸ್ತಾಳೆ. ಚಿಕ್ಕವಳಿದ್ದಾಗ ಗಾಜು ಕುಯ್ದಿತ್ತು, ನಿಮ್ಮಪ್ಪ ಹೊಲಿಗೆ ಹಾಕಿದ್ರು ಅಂತ. ಅವನು ಅದನ್ನ ಬೆರಳಿಂದ ಮುಟ್ಟಿ ನೋಡಿದ. ಅಪ್ಪ ಈ ಲೋಕದಲ್ಲಿ ಬಿಟ್ಟುಹೋಗಿದ್ದರಲ್ಲಿ ಅವನ ಕೈಗೆ ಸಿಕ್ಕಿದ್ದು ಅದು.

— ಅವನ ಕೊನೇ ನಾಟಕ 'ಲಿಯೊಪೋಲ್ಡ್‌ಸ್ಟಾಟ್'ನಲ್ಲಿ ಆ ಗುರುತು ಬಂದಿದೆ.

— ಬಂದಿದೆ, ಆದ್ರೆ ಮಗನ ಕೈಗೆ ಹೋಗಿದೆ. ನೋಡಿ, ನಾಟಕ ಇರೋದು ವಿಯೆನ್ನಾದ ಒಂದು ಸಿರಿವಂತ ಯಹೂದಿ ಮನೆಯಲ್ಲಿ. 1899ರಿಂದ 1955ರವರೆಗೆ. ಮನೆಯ ಯಜಮಾನ ಹೆರ್ಮನ್ ಕ್ಯಾಥೊಲಿಕ್ ಆಗಿದ್ದಾನೆ, ಇನ್ನು ತಾನು ಈ ಊರಿನವನೇ ಅಂದ್ಕೊಂಡಿದ್ದಾನೆ. ಊರು ಹಾಗೆ ಅಂದ್ಕೊಂಡಿಲ್ಲ. ಅಜ್ಜಿ ಫೋಟೋ ಆಲ್ಬಮ್ಮಿನಲ್ಲಿ ಹೆಸರು ಬರೀತಾ ಇರ್ತಾಳೆ, ಯಾರದೋ ಮುಖದ ಹೆಸರು ಆಗಲೇ ಮರೆತುಹೋಗಿರುತ್ತೆ. ಕೊನೇ ದೃಶ್ಯದಲ್ಲಿ ಬದುಕಿ ಉಳಿದವರು ಮೂವರೇ. ಅವರಲ್ಲಿ ಲಿಯೋ ಅನ್ನೋನು ಮಗುವಾಗಿದ್ದಾಗ ಇಂಗ್ಲೆಂಡಿಗೆ ಹೋಗಿ, ಹೆಸರು ಬದಲಾಗಿ, ತಮಾಷೆ ಪುಸ್ತಕಗಳನ್ನ ಬರೆದು ಹೆಸರು ಮಾಡಿದ ಯುವಕ. ಅವನ ಕೈಯಲ್ಲೇ ಆ ಗುರುತು. ಅದು ಹೇಗೆ ಆಯ್ತು ಅಂತ ನೆನಪಾದಾಗ ಅವನು ಕುಸಿದು ಅಳ್ತಾನೆ. ಬೆನ್ನ ಹಿಂದೆ ನೆರಳೇ ಇಲ್ಲದವನ ಹಾಗೆ ಬದುಕಿದೀಯ ಅಂತ ಅವನನ್ನ ಚುಚ್ಚೋ ಇನ್ನೊಬ್ಬ, ನಾಥನ್, ಶಿಬಿರದಿಂದ ಉಳಿದು ಬಂದವನು. ಸ್ಟಾಪರ್ಡ್ ತನ್ನ ಮೇಲೆ ತಾನೇ ಹೂಡಿದ ಖಟ್ಲೆ ಅದು. ಫಿರ್ಯಾದಿ ಮಾತೂ ಅವನೇ ಬರೆದ, ಆರೋಪಿ ಮಾತೂ ಅವನೇ.

— ಅವನು ಮಾಡಿದ್ದೇ ಯಾವಾಗಲೂ ಅದು. ಮರ್ಯಾದೆ ಕೆಡದ ಹಾಗೆ ತನ್ನ ಮಾತನ್ನ ತಾನೇ ಖಂಡಿಸೋಕೆ ನಾಟಕದಷ್ಟು ಒಳ್ಳೇ ದಾರಿ ಇಲ್ಲ ಅಂತ ಹೇಳ್ಕೊಂಡವನು. ನನಗೆ ಆ ನಾಟಕದ ಮೊದಲ ಭಾಗ ಭಾರ ಅನ್ನಿಸ್ತು, ಹೇಳಿಬಿಡ್ತೀನಿ. ಯಾರು ಯಾರ ನಾದಿನಿ, ಯಾರ ಮಗು ಯಾವುದು ಅಂತ ತಿಳಿಯೋದ್ರೊಳಗೆ ಅರ್ಧ ಗಂಟೆ ಹೋಗುತ್ತೆ. ಮದುವೆ ಮನೆಗೆ ತಡವಾಗಿ ಹೋದ ಹಾಗೆ.

— ಆ ಗೊಂದಲ ಬೇಕು ದೊಡ್ಡಪ್ಪ. ಕೊನೆಗೆ ಒಬ್ಬೊಬ್ಬರ ಹೆಸರು ಹೇಳಿ ಎಲ್ಲಿ ಸತ್ತರು ಅಂತ ಹೇಳುವಾಗ, ಅವರೆಲ್ಲ ನಮಗೆ ಗುರುತು ಹತ್ತಿರಬೇಕು, ಇವಳು ಯಾರು ಅಂತ ಒಂದು ಕ್ಷಣ ತಡಕಾಡಲೂ ಬೇಕು.

— ಇರಬಹುದು. ಅದು ರಂಗಕ್ಕೆ ಬಂದು ಸ್ವಲ್ಪ ದಿನಕ್ಕೇ ಕೊರೊನಾ ಬಂದು ಥಿಯೇಟರ್ ಮುಚ್ಚಿತು. ಆಮೇಲೆ ಬ್ರಾಡ್‌ವೇಗೆ ಹೋಗಿ 2023ರಲ್ಲಿ ಟೋನಿ ತಗೊಂಡಿತು. ಅತ್ಯುತ್ತಮ ನಾಟಕಕ್ಕೆ ಅವನಿಗೆ ಬಂದ ಐದನೇದು. ಮೊದಲನೇದಕ್ಕೂ ಅದಕ್ಕೂ ಐವತ್ತೈದು ವರ್ಷ. 2025ರ ನವೆಂಬರ್ 29ಕ್ಕೆ ಹೋದ, ಎಂಬತ್ತೆಂಟಾಗಿತ್ತು. ಒಂದು ಮಾತು ಹೇಳ್ತೀನಿ: ಕೊನೇ ನಾಟಕಕ್ಕೆ ನಿನ್ನ ವಾದ ಹೊಂದುತ್ತೆ, ಮೊದಲನೇದಕ್ಕೆ ಹೊಂದಲ್ಲ. ಮೊದಲನೇದು ಬರೆಯುವಾಗ ಅವನಿಗೆ ಈ ಕಥೆ ಗೊತ್ತೇ ಇರಲಿಲ್ಲ.

— ಗೊತ್ತಿಲ್ಲ ಅನ್ನೋದೇ ಆ ನಾಟಕದ ಕಥೆ ಅಲ್ವಾ? ಬಿಡಿ, ಜಗಳ ಬೇಡ. 'ಲಿಯೊಪೋಲ್ಡ್‌ಸ್ಟಾಟ್' ಕನ್ನಡದಲ್ಲಿ ಮಾಡೋಣ ಅಂತ ನನಗಿದೆ.

— ನಾಲ್ಕು ತಲೆಮಾರಿನ ಪಾತ್ರಧಾರಿಗಳು, ಮಕ್ಕಳ ದಂಡು, ಐವತ್ತಾರು ವರ್ಷದ ಬಟ್ಟೆಬರೆ. ನಮ್ಮ ತಂಡದಲ್ಲಿ ರಿಹರ್ಸಲ್‌ಗೆ ಆರು ಜನ ಬಂದ್ರೆ ಹಬ್ಬ. 'ಕಹೂಟ್ಸ್ ಮ್ಯಾಕ್‌ಬೆತ್' ಮಾಡು. ಪ್ರಾಗ್‌ನಲ್ಲಿ ರಂಗಮಂದಿರಕ್ಕೆ ಕಾಲಿಡಬಾರದು ಅಂತ ನಿಷೇಧ ಹಾಕಿಸಿಕೊಂಡ ನಟರು ನಾಟಕಕಾರ ಪಾವೆಲ್ ಕೊಹೌಟ್ ಜೊತೆ ಸೇರಿ ಮನೆಗಳ ಹಾಲಿನಲ್ಲಿ ಮ್ಯಾಕ್‌ಬೆತ್ ಆಡ್ತಿದ್ರು. ಅದನ್ನ ಕೇಳಿ ಇವನು 1979ರಲ್ಲಿ ಬರೆದದ್ದು. ಯಾರದೋ ಮನೆಯಲ್ಲಿ ಮ್ಯಾಕ್‌ಬೆತ್ ನಡೀತಿರುವಾಗ ಇನ್ಸ್‌ಪೆಕ್ಟರ್ ನುಗ್ತಾನೆ. ಆಮೇಲೆ ಒಬ್ಬ ಲಾರಿ ಡ್ರೈವರ್ ಬರ್ತಾನೆ, ಅವನು ಆಡೋ ಮಾತು ಕೇಳೋಕೆ ಇಂಗ್ಲಿಷೇ, ಅರ್ಥ ಬೇರೆ. ನಟರು ನಿಂತ ನಿಲುವಿನಲ್ಲೇ ಆ ಮಾತು ಕಲಿತು, ಉಳಿದ ಮ್ಯಾಕ್‌ಬೆತ್ ಅದರಲ್ಲೇ ಆಡಿ ಮುಗಿಸ್ತಾರೆ. ಇನ್ಸ್‌ಪೆಕ್ಟರಿಗೆ ಏನೂ ಅರ್ಥವಾಗಲ್ಲ, ಹಿಡಿಯೋಕೂ ಆಗಲ್ಲ.

— ಹೊಸ ಮಾತನ್ನ ಒಂದೇ ಏಟಿಗೆ ಕಲಿತು ಬಚಾವಾಗೋದು! ಈಗ ಹೇಳಿ, ಇದು ವಲಸಿಗನ ನಾಟಕ ಅಲ್ವಾ?

— ಶುರು ಮಾಡಬೇಡ ಮತ್ತೆ. ಲಾರಿ ಡ್ರೈವರಿಗೆ ಒಂದು ಭಾಷೆ ಹುಟ್ಟಿಸಬೇಕು, ಅದು ನಿನ್ನ ಕೆಲಸ. ಎಲ್ಲಾ ಮಾತೂ ಕನ್ನಡದ್ದೇ ಇರಬೇಕು, ಅರ್ಥ ಮಾತ್ರ ಪಲ್ಲಟ ಆಗಿರಬೇಕು. ಹಾಲಿನಲ್ಲಿರೋ ಸೋಫಾ ಹೊರಗೆ ಹಾಕಿದ್ರೆ ಮೂವತ್ತು ಜನ ಕೂರಬಹುದು.

— ದೊಡ್ಡಮ್ಮ ಒಪ್ತಾರಾ?

— ಇನ್ಸ್‌ಪೆಕ್ಟರ್ ಪಾತ್ರ ಅವಳಿಗೆ ಕೊಡು, ಒಪ್ತಾಳೆ.